ಕಿವಿಯಲ್ಲಿ ಹೇಳಿದ ಹೆಸರು

ನನ್ನ ಬಾಯಿ ಜೋರು. ಘೋಡಗೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಗೌರಕ್ಕನ ಬಾಯಿಗೆ ಬೀಳುವುದಕ್ಕಿಂತ ಹೊಳೆಗೆ ಬೀಳುವುದು ಲೇಸು ಅನ್ನುತ್ತಾರೆ. ಅನ್ನಲಿ, ನನಗೇನು! ಆದರೆ ಈ ಬಾಯಿಂದ ನಾನು ಮಾಡಿದ ದೊಡ್ಡ ತಪ್ಪು ಕೂಗಿ ಆಡಿದ್ದಲ್ಲ. ಹತ್ತು ವರ್ಷದ ಹಿಂದೆ ಒಂದು ಹಸುಗೂಸಿನ ಕಿವಿಯಲ್ಲಿ ಮೆಲ್ಲಗೆ ಹೇಳಿದ ಒಂದೇ ಒಂದು ಮಾತು ಅದು.

ನಮ್ಮ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿಟ್ಟು, ಕುರ್ರ್ ಅಂದು ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆಮೇಲೆ ನಗು, ಗುಗ್ಗರಿ, ಎಲೆ ಅಡಿಕೆ. ನನ್ನ ತಮ್ಮ ಸೋಮಲಿಂಗನ ಮಗಳಿಗೆ ಹೆಸರಿಟ್ಟದ್ದು ಅವನ ಹೆಂಡತಿ ಸರಿತಾಳ ತವರಿನಲ್ಲಿ, ಮೂಡಲಗಿಯಲ್ಲಿ. ಕೂಸು ಹುಟ್ಟುವ ಮೂರು ವಾರ ಮೊದಲು ನಮ್ಮವ್ವ ತೀರಿಕೊಂಡಿದ್ದಳು. ಹೆಸರಿಡುವ ಹಿಂದಿನ ದಿನ ಸರಿತಾ ನನ್ನ ಕೈ ಹಿಡಿದು, "ಅಕ್ಕಾರ, ಕಾಜಲ್ ಅಂತ ಇಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದಿದ್ದಳು. ಆಗಲಿ ಅಂದಿದ್ದೆ. ಮರುದಿನ ಬೆಳಿಗ್ಗೆ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವ್ವ ತಿರಿಗಿ ಬಂದಾಳಕ್ಕಾ. ಅವ್ವನ ಹೆಸರ ಇಡು" ಎಂದು ಕಣ್ಣಲ್ಲಿ ನೀರು ತಂದ. ನಾನು ತೊಟ್ಟಿಲಿಗೆ ಬಾಗಿದೆ. "ಸಾತವ್ವ" ಅಂದೆ. ಬೆನ್ನ ಮೇಲೆ ಗುದ್ದು ಬಿದ್ದವು. ನಗುತ್ತ ಎದ್ದು ನೋಡಿದರೆ, ಸರಿತಾ ಒಬ್ಬಳೇ ನಗುತ್ತಿರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ಹಿಡಿಯುವ ಹಾಗಿಲ್ಲ. ಅಂದರೆ ಆ ತಾಯಿ ತನ್ನ ಹೊಟ್ಟೆಯ ಕೂಸನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ. ಸಾಲದ್ದಕ್ಕೆ, ನಮ್ಮವ್ವ ಅವಳಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಹೆತ್ತವಳೆಂದು ನಾನು ಸುಳ್ಳು ಹೇಳುವುದಿಲ್ಲ. ಕೋಣೆಯ ಕೀಲಿ ಸೊಂಟಕ್ಕೆ ಸಿಗಿಸಿಕೊಂಡು, ಎಣ್ಣೆ ಅಳೆದು ಕೊಟ್ಟು, ಸರಿತಾ ತಟ್ಟಿದ ರೊಟ್ಟಿಯನ್ನು ಮೇಲೆತ್ತಿ ಹಿಡಿದು, "ಇದು ರೊಟ್ಟಿ ಏನ, ಎಮ್ಮಿ ಕುಳ್ಳ ಏನ?" ಎಂದು ಸಗಣಿಯ ಬೆರಣಿಗೆ ಹೋಲಿಸಿ ಊರ ಮುಂದೆ ಆಡುತ್ತಿದ್ದಳು. ಆ ಹೆಂಗಸಿನ ಹೆಸರನ್ನೇ ತಂದು ಅವಳ ತೊಟ್ಟಿಲಲ್ಲಿ ಮಲಗಿಸಿದವಳು ನಾನು.

ಹೀಗೆ ಒಂದು ಕೂಸಿಗೆ ಎರಡು ಹೆಸರಾಯಿತು. ಅಪ್ಪನಿಗೆ ಸಾತವ್ವ, ಅವ್ವನಿಗೆ ಕಾಜಲ್. ರೇಷನ್ ಕಾರ್ಡಿಗೆ ಬರೆಸಲು ಹೋದವನು ಅಪ್ಪ, ಅಲ್ಲಿ ಸಾತವ್ವ. ಶಾಲೆಗೆ ಹಚ್ಚಲು ಹೋದವಳು ಅವ್ವ, ಅಲ್ಲಿ ಕಾಜಲ್. ಸರಕಾರದ ಕಾಗದದಲ್ಲೂ ಆ ಮನೆಯಲ್ಲಿ ಇಬ್ಬರು ಹುಡುಗಿಯರು! ಮೊದಮೊದಲು ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ನಗು ನಿಂತದ್ದು ಎರಡು ವರ್ಷದ ಹಿಂದೆ. ಹತ್ತರಗಿಯ ಹೆದ್ದಾರಿ ಬದಿಯ ಒಂದು ಖಾನಾವಳಿಯಲ್ಲಿ ಸರಿತಾ ರೊಟ್ಟಿ ತಟ್ಟುವ ಕೆಲಸಕ್ಕೆ ಸೇರಿದಳು. "ನಮ್ಮವ್ವ ಇದ್ದಿದ್ರ ನೀ ಹೊಸ್ತಿಲಾ ದಾಟ್ತಿದ್ದೇನ?" ಎಂದು ತಮ್ಮ ಕೂಗಾಡಿದ. "ನಿಮ್ಮವ್ವ ಎಮ್ಮಿ ಕುಳ್ಳ ಅಂದ ರೊಟ್ಟೀನ ಲಾರಿಯವರು ಕೇಳಿ ಹಾಕಿಸ್ಕೊಂಡ ತಿಂತಾರ" ಎಂದು ಅವಳು ತಿರುಗಿ ಅಂದಳು. ಅವನು ಮನೆಯ ರೊಟ್ಟಿ ಬುಟ್ಟಿಗೆ ಕಾಲಿನಿಂದ ಒದ್ದ. ಅನ್ನಕ್ಕೆ ಕಾಲು ತಾಗಿಸುವುದೇ? ಪಕ್ಕದ ಮನೆಯಿಂದ ಓಡಿ ಹೋಗಿ ನಾನೂ ಬೈದೆ, ಆದರೆ ಬೈದದ್ದು ಸರಿತಾಳನ್ನು. ತಮ್ಮನಲ್ಲವೇ. ಅಂದಿನಿಂದ ಗಂಡ ಹೆಂಡತಿಗೆ ಮಾತು ನಿಂತಿತು.

ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ ಎಂದು ಹೇಳುತ್ತಾರಲ್ಲ, ಅವರನ್ನು ಕರೆತನ್ನಿ, ನಾನು ಆ ಮನೆ ತೋರಿಸುತ್ತೇನೆ. ಅಲ್ಲಿ ಎರಡು ಒಲೆ ಹೊತ್ತಿದವು. ನಡುಮನೆಯ ಕಲ್ಲಿನ ಹೊಸ್ತಿಲಿನಿಂದ ಒಳಗೆ ಅವಳದು, ಹೊರಗೆ ಪಡಸಾಲೆ ಅವನದು. ಹೊಸ್ತಿಲು ದಾಟಿ ಓಡಾಡುತ್ತಿದ್ದುದು ಎಂಟು ವರ್ಷದ ಆ ಹುಡುಗಿ ಒಬ್ಬಳೇ.

"ಸಾತವ್ವಾ, ನಿನ್ನ ಸೊಸೀಗೆ ಹೇಳು, ನನ್ನ ಅಂಗಿ ಒಗದಿಲ್ಲ ಅಂತ."

"ಕಾಜಲ್, ನಿಮ್ಮಪ್ಪಗ ಹೇಳು, ಕೈ ಅದಾವಲ್ಲ, ತಾವ ಒಗಕೋಲಿ."

ಇಬ್ಬರಿಗೂ ಇಬ್ಬರ ಮಾತು ನೇರವಾಗಿ ಕೇಳುತ್ತಿತ್ತು. ನಡುವೆ ಹತ್ತು ಹೆಜ್ಜೆ ಇಲ್ಲ. ಆದರೂ ಕೂಸು ಹೊಸ್ತಿಲು ದಾಟಿ ಬಂದು ಅದನ್ನೇ ಮತ್ತೆ ಹೇಳಬೇಕು, ಆಗಲೇ ಇವರು ಉತ್ತರ ಕೊಡುವುದು. ಅಷ್ಟಕ್ಕೆ ಮುಗಿಯಲಿಲ್ಲ. ಅಪ್ಪ ಏನು ಉಂಡ, ಯಾರಿಗೆ ಫೋನ್ ಮಾಡಿದ ಎಂದು ಅವ್ವ ಕಾಜಲ್‌ಳನ್ನು ಕಳಿಸಿ ತಿಳಿದುಕೊಳ್ಳುತ್ತಿದ್ದಳು. ಅಪ್ಪನೋ, ಸಾತವ್ವನನ್ನು ಮಂಚದ ಮೇಲೆ ಕೂಡಿಸಿಕೊಂಡು ಪಾಠ ಹೇಳುತ್ತಿದ್ದ. ಒಂದು ಸಂಜೆ ನಾನೇ ಕೇಳಿಸಿಕೊಂಡೆ. "ನಮ್ಮವ್ವ ಹಿಂಗ ಅಂತಿದ್ಲು. ನೀನೂ ಹಂಗ ಅನ್ನು. ಇದು ರೊಟ್ಟಿ ಏನ, ಎಮ್ಮಿ ಕುಳ್ಳ ಏನ?" ಮರುದಿನ ಕೂಸು ತಾಯಿಯ ತಾಟಿನಿಂದ ರೊಟ್ಟಿ ಎತ್ತಿ ಹಿಡಿದು ಅದನ್ನೇ ಅಂದಿತು. ಸರಿತಾ ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಒಲೆಯ ಮುಂದಿನಿಂದ ಎದ್ದಳು.

ಆಮೇಲೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸ್ತಿಲಿನ ಹೊರಗೆ ಬಂದರೆ ಹುಡುಗಿ ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಎಡಗಾಲು ಎಳೆದು ನಡೆಯುತ್ತಿದ್ದಳು. ನಮ್ಮವ್ವನ ಎಡಗಾಲು ಎಳೆಯುತ್ತಿತ್ತು, ನಿಜ. ಒಳಗೆ ಹೋದರೆ ಟವೆಲ್ ಜಾರಿಸಿ, ಜಡೆ ಹಾರಿಸುತ್ತ ಕುಣಿಯುವ ಕಾಜಲ್. ಊಟವೂ ಎರಡು. ಒಂದು ಒಲೆಯದನ್ನು ಉಂಡು ಇನ್ನೊಂದನ್ನು ಬಿಟ್ಟರೆ ಬಿಟ್ಟವರು ಮುಖ ಊದಿಸುತ್ತಿದ್ದರು. ಅದಕ್ಕೇ ಎರಡೂ ಕಡೆ ಉಂಡು, ಹಿತ್ತಿಲಿಗೆ ಹೋಗಿ ಒಂದನ್ನು ಕಾರಿಕೊಂಡು ಬರುತ್ತಿದ್ದಳು.

ಒಂದು ದಿನ ಮಟಮಟ ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದೆ. ತಮ್ಮ ಕಬ್ಬಿನ ಗದ್ದೆಯಲ್ಲಿದ್ದ, ಸರಿತಾ ಹತ್ತರಗಿಯಲ್ಲಿ. ಹುಡುಗಿ ಹೊಸ್ತಿಲ ಮೇಲೆ ಕೂತಿದ್ದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಟವೆಲ್ ಅರ್ಧ ತಲೆಯ ಮೇಲಿತ್ತು. ಎರಡು ದನಿಯಲ್ಲಿ ಮಾತಾಡುತ್ತಿದ್ದಳು.

"ಉಂಡೀ?"

"ಉಂಡೆ. ನೀ ಉಂಡೀ?"

"ನಾ ಆಮ್ಯಾಲ ಉಣ್ತೀನಿ. ಕಾಲ ನೂಸ್ತಾವೇನ?"

"ಸ್ವಲ್ಪ."

"ಕೊಡಿಲ್ಲಿ, ಒತ್ತತೀನಿ."

ಬಲಗೈಯಿಂದ ತನ್ನ ಎಡಗಾಲನ್ನು ತಾನೇ ಒತ್ತುತ್ತಿದ್ದಳು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೊಬ್ಬರೂ ಇನ್ನೊಬ್ಬರನ್ನು ಹಾಗೆ ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು. ಮಜ್ಜಿಗೆ ತಂಬಿಗೆ ಅಲ್ಲೇ ಇಟ್ಟು ಓಡಿಬಂದೆ. ಓಡಿಬರಬಾರದಿತ್ತು, ಎತ್ತಿಕೊಂಡು ಬರಬೇಕಿತ್ತು.

ಶಾಲೆಯ ಅಕ್ಕೋರು ಹೇಳಿಕಳಿಸಿದರು. ಹಾಜರಿ ಕೂಗಿದಾಗ ಹುಡುಗಿ ಒಮ್ಮೆ ಓ ಅಂದು, ಪಕ್ಕಕ್ಕೆ ತಿರುಗಿ ಕಾಯುತ್ತಾಳಂತೆ. ಬೆಂಚಿನ ಮೇಲೆ ಪಕ್ಕದಲ್ಲಿ ಜಾಗ ಬಿಟ್ಟೇ ಕೂಡುತ್ತಾಳಂತೆ. ಯಾರಾದರೂ ಅಲ್ಲಿ ಕೂತರೆ ಚೀರುತ್ತಾಳಂತೆ. ಗಾಳಿ ಸೋಂಕಿರಬೇಕು ಅಂದವರು ಅಂದರು. ತಾಯತ ಕಟ್ಟಿಸಲು ತಮ್ಮ ಒಪ್ಪಲಿಲ್ಲ. "ನಮ್ಮವ್ವನ್ನ ಓಡಸಾಕ ನೋಡ್ತೀರೇನ?" ಎಂದು ನನ್ನ ಮೇಲೇ ಏರಿ ಬಂದ. ಡಾಕ್ಟರಿಗೆ ತೋರಿಸಲು ಸರಿತಾ ಹೊರಟರೆ, ನನ್ನ ಮಗಳನ್ನು ಹುಚ್ಚಿ ಮಾಡುತ್ತಾಳೆ ಎಂದ. ಒಬ್ಬರು ಮದ್ದು ಅಂದರೆ ಇನ್ನೊಬ್ಬರಿಗೆ ಅದು ವಿಷ.

ಕಡೆಗೆ ಸರಿತಾ ತವರಿಗೆ ಹೋಗುತ್ತೇನೆ, ಮಗಳನ್ನೂ ಒಯ್ಯುತ್ತೇನೆ ಅಂದಳು. ತಮ್ಮ ಬಿಡುವುದಿಲ್ಲ ಅಂದ. ಹಿರಿಯರು ಸೇರಿದರು. ಊರ ಹಿರಿಯ ಶೆಟ್ಟೆಪ್ಪಕಾಕಾ ಇಬ್ಬರ ಮಾತನ್ನೂ ಕೇಳಿ, ತಲೆ ಕೆರೆದುಕೊಂಡು, ಮಾಡಬಾರದ್ದನ್ನು ಮಾಡಿದರು.

"ಕೂಸನ್ನ ಕೇಳೂಣು. ಯವ್ವಾ, ನೀ ಯಾರ ಕೂಡ ಇರ್ತಿ?"

ಹುಡುಗಿ ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಒಬ್ಬರಿಗೂ ನೋವಾಗದಂಥ ಉತ್ತರ ಅವಳ ಬಳಿ ಸಿದ್ಧವಾಗೇ ಇತ್ತು.

"ಕಾಜಲ್ ಮೂಡಲಗಿಗೆ ಹೋಗಲಿ. ಸಾತವ್ವ ಇಲ್ಲೇ ಇರ್ತಾಳ."

ಎಲ್ಲರೂ ಹೋ ಎಂದು ನಕ್ಕರು. "ಎಂಥಾ ಶ್ಯಾಣ್ಯಾ ಕೂಸ ಐತಿ ನೋಡು!" ಅಂದರು ಶೆಟ್ಟೆಪ್ಪಕಾಕಾ. ನಾನು ತಮ್ಮನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ. ಆಗಬಹುದು ಎಂದು ತಲೆಯಾಡಿಸುತ್ತಿದ್ದ. ಸರಿತಾಳೂ ತಲೆಯಾಡಿಸುತ್ತಿದ್ದಳು. ಎರಡು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಅಲ್ಲೇ ಎದ್ದು ಇಬ್ಬರ ಕೆನ್ನೆಗೂ ಬಾರಿಸಬೇಕಿದ್ದ ಗೌರಕ್ಕ, ಅಂತೂ ಜಗಳ ಬಗೆಹರಿಯಿತಲ್ಲ ಎಂದು ಸುಮ್ಮನೆ ಕೂತಳು. ಥೂ ನನ್ನ ಜನ್ಮಕ್ಕೆ!

ತಾಯಿ ಮಗಳು ಮೂಡಲಗಿಗೆ ಹೊರಟ ದಿನ ಬಸ್ಸಿನ ಹೊತ್ತಿಗೆ ತಮ್ಮ ಬಂದು ತಡೆಯುತ್ತಾನೆ ಎಂದುಕೊಂಡಿದ್ದೆ. ಬರಲೇ ಇಲ್ಲ. ಕಳಿಸಲು ಹೋದವಳು ನಾನೊಬ್ಬಳೇ. ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಹೊರಟಾಗ ಕೈ ಬೀಸಿದಳು. ನಾನೂ ಬೀಸಿದೆ. ಆಮೇಲೆ ಗೊತ್ತಾಯಿತು, ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ, ನನ್ನ ಸೊಂಟದ ಎತ್ತರಕ್ಕೆ ನೋಡುತ್ತಿದ್ದಳು. "ಉಣ್ಣು ಮತ್ತ" ಎಂದು ತುಟಿ ಅಲುಗಿದವು.

ತಿರುಗಿ ಬಂದು ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಪಡಸಾಲೆಯಲ್ಲಿ ಎರಡು ತಾಟು ಹಚ್ಚಿ ಕೂತಿದ್ದ.

"ಹೋಗಲಿ ಬಿಡಕ್ಕಾ. ನಮ್ಮವ್ವ ಇಲ್ಲೇ ಅದಾಳಲ್ಲ."

ತಲೆ ಕೆಟ್ಟಿದೆ, ನಾಲ್ಕು ದಿನದಲ್ಲಿ ಸರಿಯಾಗುತ್ತದೆ ಅಂದುಕೊಂಡೆ. ತಿಂಗಳಾಯಿತು. ದಿನಾ ಎರಡು ತಾಟು. ದಿನಾ ಆ ಖಾಲಿ ಜಾಗದ ಜತೆ ಮಾತು, ಹೆಂಡತಿಯ ಮೇಲೆ ದೂರು. ಒಂದು ಮಧ್ಯಾಹ್ನ ಅವನು ಗದ್ದೆಯಲ್ಲಿದ್ದಾಗ ಅವನ ಪಾಲಿನ ರೊಟ್ಟಿ ಇಡಲು ಬಾಗಿಲು ತೆಗೆದೆ. ಒಳಗಿನಿಂದ ಸಣ್ಣ ದನಿಯಲ್ಲಿ "ಉಂಡೀ?" ಅಂತ ಕೇಳಿಸಿತು. ಆಮೇಲೆ ಏನೂ ಇಲ್ಲ, ಯಾರೋ ಉತ್ತರಕ್ಕೆ ಕಾಯುತ್ತಿದ್ದಂತೆ ಸುಮ್ಮನೆ. ಒಳಗೆ ಹೋದೆ. ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ನಡುಮನೆಯ ಹೊಸ್ತಿಲ ಮೇಲೆ ಕೈಯಿಟ್ಟೆ. ಕಲ್ಲೆಲ್ಲ ತಣ್ಣಗಿತ್ತು, ನಡುವೆ ಒಂದು ಮೊಳದಷ್ಟು ಜಾಗ ಮಾತ್ರ ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದು ಹೋದಂತೆ.

ಅದೇ ಸಂಜೆ ಸರಿತಾಳ ಫೋನು. ಅಳುತ್ತಿದ್ದಳು.

"ಅಕ್ಕಾರ, ಕಾಜಲ್ ಅರ್ಧಾ ಉಣಾಕತ್ತಾಳ್ರಿ. ರೊಟ್ಟಿ ಮುರದು ಅರ್ಧಾ ಇಡ್ತಾಳ. ನೀರು ಅರ್ಧಾ ಕುಡಿತಾಳ. ಒಂದ ಜಡಿ ಹೆಣಕೊಂಡು ಒಂದ ಹಂಗ ಬಿಡ್ತಾಳ. ಕೇಳಿದ್ರ, ಆಕಿ ಉಣವಲ್ಲಳು, ಅಲ್ಲಿ ಆಕಿನ್ನ ಉಂಡೀ ಅಂತ ಯಾರೂ ಕೇಳವಲ್ಲರು ಅಂತಾಳ. ಎಲುಬಿನ ಹಂದರ ಆಗ್ಯಾಳ್ರಿ. ಡಾಕ್ಟರು ಏನೂ ಇಲ್ಲ ಅಂದ್ರು. ಹಿಂಗ ಆದ್ರ ನನ್ನ ಕೂಸ ಉಳಿಯೂದಿಲ್ಲರಿ."

ರಾತ್ರಿಯೆಲ್ಲ ಯೋಚಿಸಿದೆ. ಹೆಸರಿಟ್ಟವಳು ನಾನು, ಆ ಹೆಸರಿನವಳನ್ನು ಒಯ್ದು ಮುಟ್ಟಿಸಬೇಕಾದವಳೂ ನಾನೇ. ಬೆಳಿಗ್ಗೆ ತಮ್ಮನ ಮನೆಗೆ ಹೋಗಿ, ಹೊಸ್ತಿಲ ಮುಂದೆ ನಿಂತು, ನಾಚಿಕೆ ಬಿಟ್ಟು ಗಟ್ಟಿಯಾಗಿ ಕರೆದೆ.

"ಏಳವ್ವಾ ಸಾತವ್ವಾ. ಮೂಡಲಗಿಗೆ ಹೋಗೂಣು. ಅಲ್ಲಿ ಆಕಿ ನಿನ್ನ ಹಾದಿ ಕಾಯಾಕತ್ತಾಳ."

ತಮ್ಮ ಅಡ್ಡ ಬಂದ. "ಅವ್ವ ಎಲ್ಲೂ ಬರೂದಿಲ್ಲ!"

ಕಪಾಳಕ್ಕೆ ಬಿಗಿದೆ. ನಲವತ್ತು ವರ್ಷದ ಗಂಡಸು, ಕೆನ್ನೆ ಹಿಡಿದುಕೊಂಡು ಕೂತ. "ಅವ್ವ ಸತ್ತು ಮಣ್ಣಾಗಿ ಹತ್ತು ವರ್ಷ ಆತು. ಇಕಿ ನಿನ್ನ ಮಗಳೋ, ಭಾಡ್ಯಾ!" ಅಂದೆ. ಸೆರಗಿನ ತುದಿಯನ್ನು ಹಿಂದಕ್ಕೆ ಇಳಿಬಿಟ್ಟು, "ಹಿಡಕೋ" ಎಂದು, ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ನಡೆದೆ. ಸೆರಗು ಭಾರವಾಗಿತ್ತು ಎಂದು ಹೇಳಿದರೆ ನೀವು ನಂಬುವುದಿಲ್ಲ. ನಾನೂ ಗಾಳಿ ಅಂದುಕೊಂಡೆ.

ಗೋಕಾಕಕ್ಕೆ ಬಂದು ಮೂಡಲಗಿ ಬಸ್ಸು ಹತ್ತಿದೆ. ಕಂಡಕ್ಟರ್ ಎಳೆ ವಯಸ್ಸಿನವನು. ಹೆಂಗಸರಿಗೆ ಪುಕ್ಕಟೆ ತಾನೇ, ಆಧಾರ್ ಕಾರ್ಡ್ ತೋರಿಸಿದೆ. ಮಿಷನ್ನಿನಿಂದ ಒಂದು ಚೀಟಿ ಹರಿದು ಕೊಟ್ಟ. ಆಮೇಲೆ ಇನ್ನೊಂದನ್ನು ಹರಿದ.

"ಇದು ನಿಮ್ಮದು, ಇದು ಹುಡುಗೀದು. ಸಣ್ಣಾಕಿ ಅಂತ ಕಾರ್ಡ ಕೇಳೂದಿಲ್ಲ ಬಿಡ್ರಿ" ಎಂದು ಮುಂದಕ್ಕೆ ಹೋದ.

ನನ್ನ ಪಕ್ಕದ ಸೀಟಿನಲ್ಲಿ ನನ್ನ ಕೈಚೀಲ ಕೂಡ ಇರಲಿಲ್ಲ. ಚೀಲ ತೊಡೆಯ ಮೇಲಿತ್ತು. ಜೀವಮಾನದಲ್ಲಿ ಮೊದಲ ಸಲ ಕಂಡಕ್ಟರನ ಜತೆ ವಾದ ಮಾಡದೆ ಎರಡೂ ಚೀಟಿ ಮಡಚಿ ಕುಪ್ಪಸದಲ್ಲಿಟ್ಟುಕೊಂಡೆ. ಮೂಡಲಗಿಯ ತನಕ ಎಡಕ್ಕೆ ತಿರುಗಿ ನೋಡಲಿಲ್ಲ.

ಸರಿತಾಳ ತವರುಮನೆಯಲ್ಲಿ ಹುಡುಗಿ ಹಗ್ಗದ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಒಂದು ಜಡೆ, ಒಂದು ಕಡೆ ಬಿಚ್ಚುಗೂದಲು. ನಾನು ಬಾಗಿಲಿಗೆ ಬಂದೆ. ಅವಳು ನನ್ನ ಹಿಂದೆ ನೋಡಿದಳು. ಮುಖ ಅರಳಿತು.

"ಬಂದೀ?" ಅಂದಳು. "ಉಂಡೀ?"

ಆಮೇಲೆ ಅವ್ವನನ್ನು ಕರೆದು ಊಟ ಕೇಳಿದಳು. ಎರಡು ರೊಟ್ಟಿ, ಪುಂಡಿಪಲ್ಲೆ, ಮೇಲೆ ಒಂದು ವಾಟಗಾ ಹಾಲು. ಪೂರ್ತಿ ಉಂಡಳು. ಸರಿತಾ ನನ್ನ ತೋಳಿಗೆ ಮುಖವಿಟ್ಟು ಅತ್ತಳು, ನಾನೂ ಅತ್ತೆ. ಎಲ್ಲ ಸರಿಹೋಯಿತು ಅಂದುಕೊಂಡೆ. ಉಂಡ ಮೇಲೆ ಹುಡುಗಿ ನನ್ನನ್ನು ಕರೆದಳು.

"ಅತ್ತೀ, ಸಾತವ್ವ ಅಪ್ಪಂದು. ಕಾಜಲ್ ಅವ್ವಂದು. ನಂದು ಯಾವುದು?"

ಇವತ್ತೇ ಇದನ್ನು ಮುಗಿಸುತ್ತೇನೆ ಎಂದು ತಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಹೊರಸಿನ ಮೇಲಿಟ್ಟೆ. "ಇಬ್ಬರೂ ಕೇಳ್ರಿ. ಹಳೇವು ಎರಡೂ ಬ್ಯಾಡ. ಇಬ್ಬರೂ ಕೂಡಿ ಒಂದ ಹೊಸಾ ಹೆಸರ ಹೇಳ್ರಿ. ಇವತ್ತ ಇಡ್ತೀನಿ" ಅಂದೆ.

ಮೊದಲು ತಮ್ಮನ ದನಿ ಬಂತು. "ಅವ್ವನ ಹೆಸರ ತಗೀರಿ ಅಂತ ಆಕೀನ ಹೇಳಿಕೊಟ್ಟಿರಬೇಕು."

"ನಾ ಯಾಕ ಹೇಳಲಿ? ಸತ್ತವರನ್ನ ತಂದು ನನ್ನ ಕೂಸಿನ ಮೈಮ್ಯಾಲ ಕೂಡಿಸಿದವರು ಯಾರು?" ಅಂದಳು ಸರಿತಾ.

ಎರಡು ವರ್ಷದಲ್ಲಿ ಮೊದಲ ಸಲ ಅವರು ನೇರವಾಗಿ ಮಾತಾಡುತ್ತಿದ್ದರು, ಮಾತಾಡಿದ್ದು ಇದು. ರೊಟ್ಟಿ ಬುಟ್ಟಿ ಬಂತು, ಹತ್ತರಗಿ ಬಂತು, ಎಮ್ಮೆ ಕುಳ್ಳು ಬಂತು. ಹುಡುಗಿ ಅವ್ವನ ಮುಖ ನೋಡಿದಳು, ಫೋನು ನೋಡಿದಳು. ಅವಳ ಎಡಗಾಲು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ನಾನು ಫೋನು ಆರಿಸಿ, ಸರಿತಾಳನ್ನು ಹೊರಗೆ ಕಳಿಸಿದೆ, ಒಳಗೆ ನಾವಿಬ್ಬರೇ ಉಳಿದೆವು.

ಇವರ ಮುಖಕ್ಕಿಷ್ಟು ಬೆಂಕಿ ಹಾಕ, ಇಡುವವಳು ನಾನು, ಹಕ್ಕು ನನ್ನದು. ಯಾರದೂ ಅಲ್ಲದ, ಸತ್ತವರದೂ ಅಲ್ಲದ ಒಂದು ಹೆಸರನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಹತ್ತು ವರ್ಷದ ಹಿಂದಿನ ಹಾಗೆಯೇ ಬಾಗಿದೆ. ಅವಳ ಕಿವಿಗೆ ಬಾಯಿಟ್ಟೆ.

ಅವಳು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಳು.

"ಬ್ಯಾಡತ್ತೀ. ನೀ ಹೆಸರ ಹೇಳಿದಿ ಅಂದ್ರ ಮತ್ತೊಬ್ಬಾಕಿ ಬರ್ತಾಳ. ನಮ್ಮಿಬ್ಬರಿಗೇ ಜಾಗಾ ಸಾಲವಲ್ದು."

ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ದಣಿದ ಹೆಂಗಸಿನ ದನಿ. ಬಾಗಿದ ನಾನು ಹಾಗೆಯೇ ಉಳಿದೆ. ಆಗ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಮೆಲ್ಲಗೆ, ಸಣ್ಣ ಮುಷ್ಟಿ. ಹುಡುಗಿಯ ಎರಡೂ ಕೈ ಅವಳ ಕಿವಿಗಳ ಮೇಲೆಯೇ ಇದ್ದವು.

ಅವಳು ಗೋಡೆಯ ಕಡೆ ಸರಿದು ಮಲಗಿದಳು, ಕೌದಿ ಎಳೆದುಕೊಂಡು, ಪಕ್ಕದ ಖಾಲಿ ಅರ್ಧದ ಮೇಲೂ ಹೊದಿಸಿದಳು. ಹೊರಸಿನ ಮೇಲೆ ಕೂಡಲು ನನಗೆ ಧೈರ್ಯವಾಗಲಿಲ್ಲ. ನೆಲದ ಮೇಲೆ ಕೂತೆ.